ನಾನು ಆಡದ ಮಾತಿಗೆ ಹೋದ ಗಣಿತದ ಹುದ್ದೆ

ರಾಜಧಾನಿಯ ಶಿಕ್ಷಣ ಇಲಾಖೆಯ ‘ಭವಿಷ್ಯದ ಶಾಲೆ’ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ವಿಭಾಗ ಹೊರತಂದಿರುವ ‘ಮುಖ್ಯೋಪಾಧ್ಯಾಯರ ದೃಷ್ಟಿಯಲ್ಲಿ ನಾಳಿನ ಶಾಲೆ’ ಎಂಬ ಹೊಳೆಯುವ ಪುಸ್ತಕದಲ್ಲಿ ನನ್ನ ಭಾವಚಿತ್ರವಿದೆ. ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ಮದುವೆಯ ದಿನವೂ ನಾನು ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ತಕರಾರಿರುವುದು ಚಿತ್ರದ ಕೆಳಗೆ ನನ್ನ ಬಾಯಿಂದ ಹೊರಡಿಸಿರುವ ಮಾತಿನ ಬಗ್ಗೆ. “ನಮ್ಮ ಶಾಲೆ ಭವಿಷ್ಯಕ್ಕೆ ಸಿದ್ಧವಾಗಿದೆ. ಡಿಜಿಟಲ್ ಪರದೆ ಇರುವಲ್ಲಿ ಗಣಿತಕ್ಕೆ ಪ್ರತ್ಯೇಕ ಶಿಕ್ಷಕರ ಅಗತ್ಯವಿಲ್ಲ” ಎಂದು ನಾನು ಹೇಳಿದ್ದೇನಂತೆ. ನಾನು ಹಾಗೆ ಹೇಳಿಲ್ಲ. ಎಚ್ಚರವಿದ್ದಾಗ ಹೇಳಿಲ್ಲ, ಜ್ವರದಲ್ಲಿ ಬಡಬಡಿಸುವಾಗ ಹೇಳಿಲ್ಲ, ನಿಮ್ಮ ಹೋಟೆಲಿನ ಊಟ ಉಂಡು ತೂಕಡಿಸುತ್ತಿದ್ದಾಗಲೂ ಹೇಳಿಲ್ಲ. ಆದರೂ ಆ ಮಾತನ್ನೇ ಆಧಾರ ಮಾಡಿಕೊಂಡು, ನಾನು ಮುಖ್ಯೋಪಾಧ್ಯಾಯಿನಿಯಾಗಿರುವ ಸಾರಿ-ತೆಕ್ತಿರ್ ಶಾಲೆಯ ಗಣಿತದ ಹುದ್ದೆಯನ್ನು ನೀವು ರದ್ದು ಮಾಡಿದಿರಿ. ಈಗ ಅದೇ ಪರದೆಯನ್ನು ನಾನು ಕದ್ದು ಸಾಗಿಸಿದೆನೆಂದು ನೋಟಿಸು ಕಳಿಸಿ, ವಿವರಣೆ ಕೇಳಿದ್ದೀರಿ. ಕಳ್ಳರು ಮಾಲನ್ನು ಮಾಲೀಕನ ಬಾಗಿಲಿಗೇ ಒಯ್ದು ಇಳಿಸಿ ಬಂದದ್ದನ್ನು ನಾನು ಎಲ್ಲಿಯೂ ಓದಿಲ್ಲ, ಮಾನ್ಯರೇ. ನಾನು ಪಾಠ ಮಾಡುವುದು ಇತಿಹಾಸ. ಓದಬೇಕಾದ್ದನ್ನು ಸಾಕಷ್ಟು ಓದಿದ್ದೇನೆ.

ವಿವರಣೆ ಇಗೋ, ಇಲ್ಲಿದೆ. ಲಕೋಟೆಯಲ್ಲಿ ಕಳಿಸಬಹುದಿತ್ತು. ಆದರೆ ಹಿಂದೆ ಲಕೋಟೆಯಲ್ಲಿ ಕಳಿಸಿದವು ಯಾವುವೂ ನಿಮ್ಮ ಮೇಜಿನ ತನಕ ಬಂದ ಸೂಚನೆಯಿಲ್ಲ. ಪತ್ರಿಕೆಯನ್ನಾದರೂ ನೀವು ಓದುತ್ತೀರಿ, ನಿಮ್ಮ ಫೋಟೋ ಬಂದಿದೆಯೇ ಎಂದು ನೋಡಲಾದರೂ ಓದುತ್ತೀರಿ ಎಂಬ ಭರವಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಶರತ್ಕಾಲದಲ್ಲಿ, ಇಡೀ ಪ್ರಾಂತ್ಯವೇ ಹೊಲದಲ್ಲಿ ಬಗ್ಗಿ ಆಲೂಗಡ್ಡೆ ಕೀಳುವ ಹೊತ್ತನ್ನು ಸರಿಯಾಗಿ ಆರಿಸಿ, ಮುಖ್ಯೋಪಾಧ್ಯಾಯರನ್ನೆಲ್ಲ ನೀವು ಸರೋವರದ ದಡದ ಹೋಟೆಲೊಂದಕ್ಕೆ ಕರೆಸಿದಿರಿ. “ಮುಖ್ಯೋಪಾಧ್ಯಾಯರ ಅಭಿಪ್ರಾಯ ಕೇಳದೆ ಭವಿಷ್ಯವನ್ನು ಕಟ್ಟುವುದಾದರೂ ಹೇಗೆ?” ಎಂದು ವೇದಿಕೆಯಿಂದ ಪ್ರಶ್ನೆ ಹಾಕಿದಿರಿ. ನಾವು ಚಪ್ಪಾಳೆ ತಟ್ಟಿದೆವು. ನೀವು ಕಾರು ಹತ್ತಿ ಹೊರಟುಹೋದಿರಿ. ಅಭಿಪ್ರಾಯ ಕೇಳುವುದಕ್ಕೆ ಬಿಳಿ ಬೂಟಿನ ಯುವಕನೊಬ್ಬ ಉಳಿದ. ಅವನು ನಮಗೆಲ್ಲ ಬಣ್ಣದ ಚೀಟಿ ಹಂಚಿ, ನಾಳಿನ ಶಾಲೆಗೆ ಏನು ಬೇಕೋ ಅದನ್ನು ಬರೆದು ಗೋಡೆಗೆ ಅಂಟಿಸಿ ಎಂದ. ಜೀವಮಾನವೆಲ್ಲ ಗೋಡೆಗೆ ಏನೂ ಅಂಟಿಸಬೇಡಿ ಎಂದು ಮಕ್ಕಳನ್ನು ಗದರಿದ ನಾವು ಎದ್ದು ಹೋಗಿ ಅಂಟಿಸಿದೆವು.

ನಾನು ಬರೆದದ್ದು: ‘ಗಣಿತಕ್ಕೆ ಒಬ್ಬ ಟೀಚರ್.’ ಪಕ್ಕದ ಕಣಿವೆಯ ಶಾಲೆಯ ಮುಖ್ಯೋಪಾಧ್ಯಾಯರಾದ ಇಮಾನಾಲಿ ಮೇಷ್ಟ್ರು, ಮಕ್ಕಳ ಬಾಯಲ್ಲಿ ಇಮಾನಾಲಿ ಅಗಾಯ್, ನಮಗೆಲ್ಲರಿಗಿಂತ ಹಿರಿಯರು, ತಮ್ಮ ಬಿಳಿ ಕಲ್ಪಾಕ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ ಬರೆದರು: ‘ಬಾಗಿಲಿರುವ ಶೌಚಾಲಯ.’

ಯುವಕ ಎರಡನ್ನೂ ಓದಿದ. ಅವನ ಮುಖದಲ್ಲಿ ನೋವು ಕಾಣಿಸಿತು.

“ಎಜೆ, ಇದು ಸಮಸ್ಯೆ ಆಯ್ತು,” ಎಂದ ನನಗೆ, ಟೀಚರಮ್ಮಂದಿರನ್ನೆಲ್ಲ ಅಕ್ಕ ಎನ್ನುವ ನಮ್ಮ ರೂಢಿಯಂತೆ. “ನಮಗೆ ಬೇಕಾಗಿರೋದು ಕನಸು.”

“ನನ್ನ ಕನಸಲ್ಲೂ ಅವರೇ ಬರ್ತಾರಪ್ಪ. ಗಣಿತದ ಟೀಚರ್. ಬಂದು ಹಾಜರಿ ಕೂಗಿ ಹೋಗ್ತಾರೆ.”

“ಅಗಾಯ್, ನಿಮ್ಮದು ಮೂಲಸೌಕರ್ಯದ ಕೆಳಗೆ ಬರುತ್ತೆ. ಆಚೆ ಗೋಡೆಗೆ ಅಂಟಿಸಿ.”

“ಯಾವ ಗೋಡೆ ಆದ್ರೂ ಸರಿ ಮರಿ,” ಎಂದರು ಇಮಾನಾಲಿ ಅಗಾಯ್. “ಬಾಗಿಲಿಲ್ಲದೆ ಇಷ್ಟು ವರ್ಷ ನಾವು ಗೋಡೆ ಹಿಂದೇನೇ ಕೂತಿರೋದು.”

ನಮ್ಮಲ್ಲೇ ಜಾಣನೊಬ್ಬ ‘ರೋಬೋಟ್’ ಎಂದು ಬರೆದು ಮೆಚ್ಚುಗೆ ಗಿಟ್ಟಿಸಿದ. ಊಟದ ಹೊತ್ತಿನಲ್ಲಿ ಅವನನ್ನು ಹಿಡಿದು ಕೇಳಿದೆ, ರೋಬೋಟ್ ಯಾಕಪ್ಪ ನಿನಗೆ ಎಂದು. “ರೋಬೋಟ್ ಕೊಟ್ರೆ ಅದಕ್ಕೆ ಥಂಡಿ ಹೊಡೀಬಾರದು ಅಂತ ಕಿಟಕಿಗೆ ಗಾಜು ಹಾಕಿಸಿಕೊಡ್ತಾರೆ, ಎಜೆ. ಮಕ್ಕಳಿಗೆ ಅಂದ್ರೆ ಯಾರೂ ಹಾಕಿಸಲ್ಲ,” ಎಂದ. ನಿಮ್ಮ ಪುಸ್ತಕದಲ್ಲಿ ‘ರೋಬೋಟ್ ವಿದ್ಯೆಗೆ ಪ್ರಾಂತ್ಯದಲ್ಲಿ ತೀವ್ರ ಬೇಡಿಕೆ’ ಎಂಬ ಅಧ್ಯಾಯ ನೋಡಿದೆ. ಅದು ಎರಡು ಚೌಕಟ್ಟು ಗಾಜಿನ ಬೇಡಿಕೆ, ಮಾನ್ಯರೇ.

ಸಂಜೆ ಚಹಾಕ್ಕೆ ಮುಂಚೆ ಆ ಯುವಕ ಕ್ಯಾಮೆರಾ ಹಿಡಿದು ನನ್ನ ಬಳಿ ಬಂದ. “ನಿಮ್ಮ ಶಾಲೆಗೆ ಪರದೆ ಬಂದಿದೆಯಲ್ವಾ?” ಎಂದ. ಬಂದಿದೆ ಎಂದೆ. “ಮಕ್ಕಳು ಗಣಿತ ಅದರಲ್ಲೇ ನೋಡ್ತಾರಲ್ವಾ?” ಎಂದ. “ಟೀಚರ್ ಇಲ್ಲವಲ್ಲಪ್ಪ, ಇನ್ನೇನು ನೋಡ್ತಾರೆ?” ಎಂದೆ. ಅವನು ತಲೆಯಾಡಿಸಿ ನಗಿ ಎಂದ. ನಕ್ಕೆ. ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ. ಇದರಿಂದ ನಿಮ್ಮವರು ಆ ವಾಕ್ಯವನ್ನು ತೆಗೆದದ್ದು ಹೇಗೆ ಎಂಬುದು ನನಗೆ ಇನ್ನೂ ತಿಳಿದಿಲ್ಲ. ಇಂಥ ಕೈಚಳಕ ಇರುವವರು ಗುಮಾಸ್ತಿಕೆಯಲ್ಲಿ ಯಾಕಿದ್ದಾರೆ?

ಪರದೆಯ ಬಗ್ಗೆಯೂ ಒಂದು ಮಾತು. ಬಾಗಿಲಿನಷ್ಟು ದೊಡ್ಡದು, ಕೆಳಗೆ ಗಾಲಿ ಇದೆ. ಅದರೊಳಗೆ ರಾಜಧಾನಿಯ ಸಭ್ಯ ಮುಖದ ಶಿಕ್ಷಕರೊಬ್ಬರು ಗಣಿತ ಹೇಳುತ್ತಾರೆ. ನಮ್ಮ ಊರಿನ ವಿದ್ಯುತ್ತು ಚಳಿಗಾಲದಲ್ಲಿ ಎಲ್ಲರ ಮನೆಯ ಹೀಟರಿಗೂ ಹಂಚಿಹೋಗುವುದರಿಂದ ಅವರು ಭಿನ್ನರಾಶಿಯ ನಡುವೆ ಬಾಯಿ ತೆರೆದು ಹಾಗೇ ನಿಂತುಬಿಡುತ್ತಾರೆ. ಮಕ್ಕಳು ಅವರಿಗೆ ‘ಆಕಳಿಕೆ ಅಗಾಯ್’ ಎಂದು ಹೆಸರಿಟ್ಟಿದ್ದಾರೆ. ಒಂಬತ್ತನೇ ತರಗತಿಯ ಬೇಗಾಯಿಮ್ ಎಂಬ ಹುಡುಗಿ ಒಂದು ಸಲ ಕೈಯೆತ್ತಿ ಪರದೆಗೆ ಪ್ರಶ್ನೆ ಕೇಳಿದಳು. ತರಗತಿಯೆಲ್ಲ ನಕ್ಕಿತು. ಅವಳು ಆಮೇಲೆ ಕೈಯೆತ್ತುವುದನ್ನೇ ಬಿಟ್ಟಳು.

ಹೀಗಿರುವಾಗ, ಮೊದಲ ಹಿಮ ಬೀಳುವ ಹೊತ್ತಿಗೆ ಜೂರಾ ಊರಿಗೆ ಬಂದಳು. ನನ್ನ ಹಳೆಯ ವಿದ್ಯಾರ್ಥಿನಿ. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಒಂದೆರಡು ವರ್ಷ ಟೀಚರ್ ಆಗಿದ್ದು, ಆ ಸಂಬಳದಲ್ಲಿ ಮಗುವನ್ನು ಸಾಕಲಾಗದೆ ಮಾಸ್ಕೋಗೆ ಹೋದವಳು. ತಾಯಿಗೆ ಶಸ್ತ್ರಚಿಕಿತ್ಸೆಯಾಯಿತೆಂದು ನೋಡಲು ಬಂದಿದ್ದಳು. ಅವಳ ಮಗಳು ಸೆಜಿಮ್ ನಮ್ಮಲ್ಲೇ ಎರಡನೇ ತರಗತಿ. ಆ ಮಗು ಅಜ್ಜಿಯನ್ನು ‘ಅಮ್ಮ’ ಎನ್ನುತ್ತದೆ, ಅಮ್ಮನನ್ನು ‘ಜೂರಾ’ ಎನ್ನುತ್ತದೆ. ನಮ್ಮ ಶಾಲೆಯಲ್ಲಿ ಅಂಥ ಮಕ್ಕಳು ಬೆಂಚಿಗೊಬ್ಬರಿದ್ದಾರೆ.

ನಾನು ಅವರ ಮನೆಗೆ ಹೋದೆ. ಜೂರಾ ಹಾಲು ಹಾಕಿದ ಚಹಾ ಕೊಟ್ಟು, ಬೋರ್ಸೋಕಿನ ಹಿಟ್ಟಿನ ತುಂಡುಗಳನ್ನು ಬಿಸಿ ಬಿಸಿ ಕರಿದು ಮುಂದಿಟ್ಟಳು.

“ಅಲ್ಲೇನು ಕೆಲಸ ಕಣೆ?” ಎಂದೆ.

“ಗೋದಾಮಲ್ಲಿ ಪೆಟ್ಟಿಗೆ ಎತ್ತಿ ಇಡೋದು, ಎಜೆ.”

“ಏನಿರುತ್ತೆ ಅದರಲ್ಲಿ?”

“ತೆಗೆದು ನೋಡಿದೋರು ಮಾರನೇ ದಿನ ಕೆಲಸಕ್ಕಿರಲ್ಲ.”

“ನೀನು ಗಣಿತ ಓದಿದೋಳು ಕಣೆ!”

“ಅದಕ್ಕೇ ಈಗ ಬಡ್ತಿ ಕೊಟ್ಟಿದ್ದಾರೆ. ಎತ್ತೋದರ ಜೊತೆಗೆ ಎಣಿಸೋದೂ ನಂದೇ.”

ನಾನು ಬಟ್ಟಲು ಕೆಳಗಿಟ್ಟು ಹೇಳಿದೆ: “ಇಲ್ಲೇ ಇದ್ದುಬಿಡು. ಹುದ್ದೆ ಖಾಲಿ ಇದೆ. ಈಗ ಟೀಚರ್ ಸಂಬಳನೂ ಮೊದಲಿನ ಹಾಗಿಲ್ಲ, ಒಂದಿಷ್ಟು ಏರಿದೆ.”

ಒಲೆಯ ಬಳಿ ಕೂತು ಬೊಂಬೆಯ ಕೂದಲು ಬಾಚುತ್ತಿದ್ದ ಮಗಳನ್ನು ನೋಡಿದಳು. “ಖಂಡಿತಾನಾ ಎಜೆ? ನಾನು ಅಲ್ಲಿ ಬರಲ್ಲ ಅಂತ ಹೇಳಿಬಿಟ್ಟ ಮೇಲೆ ಇಲ್ಲ ಅನ್ನಬಾರದು.”

“ನಾನು ಮುಖ್ಯೋಪಾಧ್ಯಾಯಿನಿ ಕಣೆ,” ಎಂದೆ. ಆಗ ಅದು ನನಗೆ ಉತ್ತರದ ಹಾಗೆ ಕೇಳಿಸಿತ್ತು.

ಅವಳ ನೇಮಕಕ್ಕೆ ಬರೆದೆ. ಜಿಲ್ಲಾ ಕಚೇರಿಯಿಂದ ಉತ್ತರ ಬೇಗ ಬಂತು. ಬೇಗ ಬಂದಾಗಲೇ ನಾನು ಹೆದರಬೇಕಿತ್ತು. ಗಣಿತದ ಹುದ್ದೆ ಇಲ್ಲ, ರದ್ದಾಗಿದೆ, ರದ್ದಾಗಿರುವುದು ತಮ್ಮದೇ ಅಭಿಪ್ರಾಯದ ಮೇರೆಗೆ ಎಂದು ನನಗೇ ಬರೆದಿದ್ದರು. ಜೊತೆಗೆ ನಿಮ್ಮ ಪುಸ್ತಕದ ಒಂದು ಪ್ರತಿ, ನಾನು ನಗುತ್ತಿರುವ ಪುಟದಲ್ಲಿ ಗುರುತಿಟ್ಟು.

ಊರಿನಲ್ಲಿ ಸುದ್ದಿ ಹಬ್ಬಲು ಪರದೆ ಬೇಕಾಗಲಿಲ್ಲ. ಅಂಗಡಿಯಲ್ಲಿ ಬೇಗಾಯಿಮಳ ಅಪ್ಪ ತುರಾತ್ ಸಿಕ್ಕ. ಕಲ್ಲಿದ್ದಲು ಲಾರಿ ಓಡಿಸುವವನು, ಮಾತು ಸ್ವಲ್ಪ ಖಾರ.

“ಏನೆಜೆ, ಟೀಚರ್ ಬೇಡ ಅಂದ್ರಂತಲ್ಲ? ಪುಸ್ತಕದಲ್ಲಿ ನಗ್ತಾ ಬೇರೆ ಇದೀರಿ.”

“ನಾನು ಹಾಗಂದಿಲ್ಲ ತುರಾತ್.”

“ಬಾಯಿ ನಿಮ್ಮದೇ ತಾನೇ?”

“ಬಾಯಿ ನಂದು. ಮಾತು ರಾಜಧಾನೀದು.”

“ಹಾಗಾದ್ರೆ ಬಾಯಿಗೆ ಬಾಡಿಗೆಯಾದ್ರೂ ಇಸ್ಕೋಬೇಕಿತ್ತು.”

ಅಂಗಡಿಯಲ್ಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ, ಮನೆಗೆ ಬಂದು ಅತ್ತೆ. ಅಷ್ಟು ವರ್ಷ ಆ ಊರಿನ ಮಕ್ಕಳ ಮೂಗು ಒರೆಸಿದವಳನ್ನು ಒಂದೇ ವಾಕ್ಯದಲ್ಲಿ ಊರಿನ ಶತ್ರುವಾಗಿಸಿದಿರಿ. ಜೂರಾಳಿಗೆ ಮುಖ ತೋರಿಸುವುದು ಹೇಗೆಂದು ಎರಡು ದಿನ ಒದ್ದಾಡಿದೆ. ಕೊನೆಗೆ ಅವಳೇ ಶಾಲೆಗೆ ಬಂದಳು, ಬೂಟಿನ ಹಿಮ ಕೊಡವಿದಳು.

“ಗೋದಾಮಿನೋರು ಮಾರ್ಚ್ ಹಬ್ಬದ ತನಕ ಜಾಗ ಇಟ್ಟಿರ್ತಾರಂತೆ,” ಎಂದಳು. “ಅಲ್ಲೀವರೆಗೆ ಸುಮ್ಮನೆ ಕೂತು ಏನ್ ಮಾಡ್ಲಿ? ಒಂಬತ್ತನೇ ತರಗತಿ ಯಾವ ಕೋಣೆ?”

ಹೀಗೆ ನಿಮ್ಮ ಭವಿಷ್ಯದ ಕೋಣೆಯಲ್ಲಿ ಸೀಮೆಸುಣ್ಣದ ಸದ್ದು ಶುರುವಾಯಿತು. ಪರದೆಯನ್ನು ಮೂಲೆಗೆ ತಳ್ಳಿದೆವು. ಮಕ್ಕಳು ಅದರ ಮೇಲೆ ಕೋಟು ನೇತುಹಾಕಿದರು. ಅದರಿಂದ ಒಂದು ಪ್ರಯೋಜನವಾದದ್ದು ಆಗಲೇ. ಜೂರಾ ಉತ್ತರ ಕೇಳುತ್ತಿರಲಿಲ್ಲ, ಯಾಕೆ ಎಂದು ಕೇಳುತ್ತಿದ್ದಳು. ಗೋಡೆಯಾಚೆ ನನ್ನ ಕೋಣೆಗೆ ದಿನವಿಡೀ ಅದೇ ಕೇಳಿಸುತ್ತಿತ್ತು: “ಯಾಕೆ? ಸರಿ, ಆದ್ರೆ ಯಾಕೆ?” ಬೇಗಾಯಿಮಳ ಕೈ ಮತ್ತೆ ಮೇಲೇರಿತು. ಅತ್ತ ಮನೆಯಲ್ಲಿ ಸೆಜಿಮ್, ಯಾರೂ ಹೇಳಿಕೊಡದೆ, ಜೂರಾಳನ್ನು ‘ಅಮ್ಮ’ ಎಂದು ಕರೆಯತೊಡಗಿದಳು. ಅಜ್ಜಿಯನ್ನು ‘ದೊಡ್ಡಮ್ಮ’ ಮಾಡಿದಳು. ಜೂರಾ ಅದನ್ನು ನನಗೆ ಹೇಳುವಾಗ ಕಿಟಕಿಯ ಕಡೆ ತಿರುಗಿ ಹೇಳಿದಳು.

ಫೆಬ್ರವರಿಯಲ್ಲಿ ನಿಮ್ಮ ಪರಿವೀಕ್ಷಕ ಬಂದ. ಅವನ ಹೆಸರು ಹೇಳುವುದಿಲ್ಲ, ಒಳ್ಳೆಯವನು, ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಪರದೆಯ ಮೇಲಿನ ಕೋಟುಗಳನ್ನು ನೋಡಿ ಬಾಗಿಲಲ್ಲೇ ನಿಂತ.

“ಈ ಹೆಂಗಸು ಯಾರು?”

“ಗಣಿತದ ಟೀಚರ್.”

“ಹುದ್ದೇನೇ ಇಲ್ಲವಲ್ಲ ಎಜೆ.”

“ಇಷ್ಟು ವರ್ಷ ಹುದ್ದೆ ಇತ್ತು, ಟೀಚರ್ ಇರಲಿಲ್ಲ. ಅದನ್ನ ಕೇಳೋಕೆ ಯಾರೂ ಬರಲಿಲ್ಲ. ಈಗ ಟೀಚರ್ ಇದ್ದಾಳೆ, ಹುದ್ದೆ ಇಲ್ಲ. ಓಡಿ ಬಂದಿದೀರಿ.”

ಅವನು ಹಿಂದಿನ ಬೆಂಚಿನಲ್ಲಿ ಕೂತ. ಬೇಗಾಯಿಮ್ ಎದ್ದು ನಿಂತಿದ್ದಳು. ನೀರಿನ ತೊಟ್ಟಿಯ ಲೆಕ್ಕ. ಒಂದು ನಲ್ಲಿಯಿಂದ ತುಂಬುತ್ತದೆ, ಇನ್ನೊಂದರಿಂದ ಸೋರುತ್ತದೆ.

“ಎಜೆ, ಪುಸ್ತಕದ ಉತ್ತರ ತಪ್ಪು,” ಎಂದಳು ಜೂರಾಳಿಗೆ.

“ಪುಸ್ತಕ ಬರೆದೋರು ದೊಡ್ಡೋರಮ್ಮ,” ಎಂದಳು ಜೂರಾ, ಮುಖ ಗಂಭೀರ ಮಾಡಿಕೊಂಡು.

“ಅವರು ದೊಡ್ಡೋರೇ. ತೊಟ್ಟಿ ಚಿಕ್ಕದು. ಅವರು ಹೇಳಿದಂಗಾದ್ರೆ ಒಳಗಿರೋದಕ್ಕಿಂತ ಜಾಸ್ತಿ ನೀರು ಸೋರಿಹೋಗಿದೆ.”

ತರಗತಿ ಗೊಳ್ಳೆಂದಿತು. “ಯಾಕೆ ಅಂತ ಬೋರ್ಡಿಗೆ ಬಂದು ತೋರಿಸು,” ಎಂದಳು ಜೂರಾ. ಬೇಗಾಯಿಮ್ ತೋರಿಸಿದಳು. ನಾನು ಪರಿವೀಕ್ಷಕನನ್ನೇ ನೋಡುತ್ತಿದ್ದೆ. ಮೊದಲು ಪಕ್ಕದ ಹುಡುಗನ ಪುಸ್ತಕ ಇಣುಕಿದ. ಆಮೇಲೆ ತನ್ನ ಕಡತವನ್ನೇ ತಿರುಗಿಸಿ ಅದರ ಬೆನ್ನಿನ ಮೇಲೆ ಲೆಕ್ಕ ಮಾಡಿದ, ಹೊಡೆದುಹಾಕಿ ಇನ್ನೊಮ್ಮೆ ಮಾಡಿದ. ಗಂಟೆ ಹೊಡೆದದ್ದು ಅವನಿಗೆ ಕೇಳಿಸಲಿಲ್ಲ.

ಪಡಸಾಲೆಗೆ ಬಂದ ಮೇಲೆ ತಗ್ಗಿದ ದನಿಯಲ್ಲಿ, “ಹುಡುಗಿ ಹೇಳಿದ್ದು ಸರಿ ಎಜೆ,” ಎಂದ.

“ಅದನ್ನೇ ಬರೀರಿ.”

“ಎಲ್ಲಿ ಬರೀಲಿ? ಪರದೆ ಎಷ್ಟು ಗಂಟೆ ಉರೀತು ಅಂತ ಬರೆಯೋಕೆ ಜಾಗ ಇದೆ. ಮಕ್ಕಳು ಏನು ಯೋಚಿಸಿದ್ರು ಅಂತ ಬರೆಯೋಕೆ ಜಾಗಾನೇ ಕೊಟ್ಟಿಲ್ಲ ನಮಗೆ.”

ಜಾಗವಿದ್ದ ಕಡೆ ಅವನು ಬರೆದ. ಅದರ ಫಲ ನಿಮ್ಮ ಸಹಿಯೊಂದಿಗೆ ಬಂತು: ಪರದೆಯ ದುರ್ಬಳಕೆಗಾಗಿ ನನಗೆ ಛೀಮಾರಿ, ಅನಧಿಕೃತ ವ್ಯಕ್ತಿ ಶಾಲೆಯ ಆವರಣದೊಳಗೆ ಕಾಲಿಡಬಾರದು, ಮಕ್ಕಳು ಅನುಮೋದಿತ ಪಠ್ಯಪುಸ್ತಕವನ್ನು ಪ್ರಶ್ನಿಸಿದ ಬಗ್ಗೆ ವಿಷಾದ. ನಿಮ್ಮ ಹೊಳೆಯುವ ಪುಸ್ತಕದ ಮೂರನೇ ಅಧ್ಯಾಯದ ತಲೆಬರಹ ‘ಪ್ರಶ್ನಿಸುವ ಪೀಳಿಗೆ’ ಎಂದಿದೆ. ಆ ಅಧ್ಯಾಯ ಬರೆದವರಿಗೂ ಈ ಆದೇಶ ಬರೆದವರಿಗೂ ಪರಿಚಯವಿಲ್ಲವೇ? ಒಂದೇ ಕಟ್ಟಡದಲ್ಲಿರುತ್ತೀರಿ, ಚಹಾ ಕುಡಿಯುವಾಗಲಾದರೂ ಮಾತಾಡಿಕೊಳ್ಳಬಾರದೇ?

ಆದೇಶ ಓದಿ ಹೇಳಲು ಪೋಷಕರ ಸಭೆ ಕರೆದೆ. ಕೆಲವರು ಜೂರಾಳಿಗೆ ತಾವೇ ಏನಾದರೂ ಕೊಡುತ್ತೇವೆ ಎಂದರು, ಕುರಿ, ಬೆಣ್ಣೆ, ಕಲ್ಲಿದ್ದಲು. ಜೂರಾ ಎದ್ದು ನಿಂತಳು. “ನಿಮ್ಮ ಋಣ ದೊಡ್ಡದು. ಆದ್ರೆ ನನಗೆ ಕುರಿ ಬೇಡ. ಟೀಚರ್ ಅಂತ ಬರೆದಿರೋ ಒಂದು ಕಾಗದ ಬೇಕು. ನಾಳೆ ನನಗೆ ಕಾಯಿಲೆ ಆದ್ರೆ, ಮುದುಕಿ ಆದ್ರೆ, ಕುರಿ ಪಿಂಚಣಿ ಕೊಡುತ್ತಾ?” ಎಂದು ಕೂತಳು. ಆಗ ಹಿಂದಿನಿಂದ ತುರಾತ್ ಗಂಟಲು ಸರಿಮಾಡಿಕೊಂಡ.

“ಪರದೆ ಇದೆ, ಅದಕ್ಕೇ ಟೀಚರ್ ಬೇಡ ಅಂತ ತಾನೇ ಅವರ ವಾದ?” ಎಂದ. “ಸರಿ. ಪರದೆ ಇಲ್ಲ ಅಂತ ಮಾಡಿಬಿಡೋಣ. ಆಗ ಏನಂತಾರೋ ನೋಡೋಣ.” ಆಮೇಲೆ ನನ್ನ ಕಡೆ ತಿರುಗಿ, “ಎಜೆ, ಅಂಗಡೀಲಿ ಅಂದ ಮಾತು ಮನಸ್ಸಿಗೆ ಹಚ್ಕೋಬೇಡಿ. ಲಾರಿ ತೊಳೆದು ತರ್ತೀನಿ,” ಎಂದ.

ಅಪ್ಪಣೆ ಕೊಟ್ಟವಳು ನಾನು. ತುರಾತ್‌ನ ಹೆಸರನ್ನು ನೋಟಿಸಿನಲ್ಲಿ ಸೇರಿಸಬೇಡಿ. ಪರದೆಗೆ ಪೆಟ್ಟಾಗಬಾರದೆಂದು ಹೆಂಗಸರು ತಮ್ಮ ಮನೆಯ ಹೊಸ ರಜಾಯಿಗಳನ್ನು ತಂದು ಸುತ್ತಿದರು. ಮದುವೆ ಹೆಣ್ಣನ್ನೂ ನಮ್ಮಲ್ಲಿ ಅಷ್ಟು ಜೋಪಾನವಾಗಿ ಕಳಿಸುವುದಿಲ್ಲ. ನಾನು, ಜೂರಾ, ತುರಾತ್ ಮುಂದೆ ಕೂತೆವು. ಹಿಂದೆ ನಾಲ್ಕಾರು ಗಂಡಸರು ಪರದೆಯನ್ನು ಹಿಡಿದುಕೊಂಡು ನಿಂತರು. ಕಣಿವೆ ದಾಟುವವರೆಗೆ ಯಾರಿಗೂ ನಗು ತಡೆಯಲಾಗಲಿಲ್ಲ.

ಜಿಲ್ಲಾ ಕಚೇರಿಯ ಮುಖ್ಯಸ್ಥರು ರಜಾಯಿ ಬಿಚ್ಚುವ ತನಕ ಏನೋ ಉಡುಗೊರೆ ಬಂದಿದೆ ಎಂದೇ ಭಾವಿಸಿದ್ದರು.

“ವಾಪಸ್ ತಗೊಳ್ಳೋಕೆ ನಿಯಮ ಇಲ್ಲ!” ಎಂದರು.

“ನಿಯಮ ಆಮೇಲೆ ಮಾಡ್ಕೊಳ್ಳಿ,” ಎಂದೆ. “ಪರದೆ ಇಟ್ಕೊಳ್ಳಿ, ಹುದ್ದೆ ಕೊಡಿ.”

ಜೂರಾ ತನ್ನ ಪದವಿ ಪತ್ರವನ್ನು ಮೇಜಿನ ಮೇಲಿಟ್ಟಳು. ಅವರು ಓದಿದರು. ಅಂಕಗಳನ್ನು ನೋಡಿ ಹುಬ್ಬೇರಿಸಿದರು. “ಇಷ್ಟು ಓದಿ ಮಾಸ್ಕೋಗೆ ಯಾಕೆ ಹೋದಿರಮ್ಮ?”

“ಆಗಲೂ ನೀವು ಇದೇ ಕುರ್ಚೀಲಿ ಕೂತಿದ್ರಿ ಸರ್,” ಎಂದಳು ಜೂರಾ. “ಹೋಗೋವಾಗ ಕೇಳಿದ್ರೆ ಹೇಳ್ತಿದ್ದೆ.”

ಅವರು ತಲೆ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ ಎಂದೇ ನನಗೆ ಅನಿಸಿತು. “ನನ್ನ ಕೈಲಿ ಇಲ್ಲ ಎಜೆ. ನಿಮ್ಮ ಅಭಿಪ್ರಾಯ ಅಂತ ಅಚ್ಚಾಗಿಬಿಟ್ಟಿದೆ. ಅದನ್ನ ರಾಜಧಾನೀನೇ ವಾಪಸ್ ತಗೋಬೇಕು,” ಎಂದರು. ನನ್ನ ಅಭಿಪ್ರಾಯವನ್ನು ವಾಪಸ್ ತೆಗೆದುಕೊಳ್ಳುವ ಹಕ್ಕೂ ನನಗಿಲ್ಲ, ಮಾನ್ಯರೇ. ಅದು ನಿಮ್ಮ ಆಸ್ತಿ. ನಾವು ಪರದೆಯನ್ನು ಅವರ ಪಡಸಾಲೆಯಲ್ಲಿ ಬಿಟ್ಟೆವು. ತುರಾತ್ ಸೌಜನ್ಯಕ್ಕೆಂದು ಅದರ ತಂತಿಯನ್ನೂ ಸಿಕ್ಕಿಸಿ ಬಂದ. ಪಟ್ಟಣದ ವಿದ್ಯುತ್ತು ಗಟ್ಟಿ. ಕಚೇರಿಗೆ ಬಂದವರೆಲ್ಲ ಸರದಿ ಕಾಯುವಾಗ ಭಿನ್ನರಾಶಿ ಕಲಿತು ಹೋಗುತ್ತಿದ್ದಾರಂತೆ.

ಮಾರ್ಚಿನ ನೊರುಜ್ ಹಬ್ಬ ಬಂತು, ಹೋಯಿತು. ಹುದ್ದೆಯ ಬಗ್ಗೆ ನಿಮ್ಮ ಕಡೆಯಿಂದ ಒಂದಕ್ಷರವೂ ಬರಲಿಲ್ಲ. ಹಬ್ಬದ ಮರುವಾರ ಜೂರಾ ವಿಮಾನ ನಿಲ್ದಾಣದ ವ್ಯಾನಿಗೆ ಕಾದು ರಸ್ತೆ ಬದಿ ನಿಂತಳು. ಒಂಬತ್ತನೇ ತರಗತಿ ಪೂರ್ತಿ ಬಂದಿತ್ತು. ಸೆಜಿಮ್ ಅಜ್ಜಿಯ ಕೈ ಹಿಡಿದು ನಿಂತಿದ್ದಳು. ಅಳಲಿಲ್ಲ. ವ್ಯಾನು ಬಂದು ನಿಂತಾಗ ದೊಡ್ಡವರ ಹಾಗೆ ಕೇಳಿದಳು: “ಚಾರ್ಜರ್ ತಗೊಂಡ್ಯಾ, ಜೂರಾ?”

ಅಷ್ಟು ತಿಂಗಳು ‘ಅಮ್ಮ’ ಎಂದ ಮಗು. ಜೂರಾ ತಗೊಂಡೆ ಎಂದು ಹೇಳಿ ವ್ಯಾನು ಹತ್ತಿದಳು. ನಾನು ನಾಳಿನ ಬಗ್ಗೆ ನೀವು ಅಚ್ಚು ಹಾಕಿದ್ದನ್ನೆಲ್ಲ ಓದಿದ್ದೇನೆ. ಆ ಮಗು ಯಾವ ಅಧ್ಯಾಯದಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಈಗಿನ ಪರಿಸ್ಥಿತಿಯನ್ನೂ ಹೇಳಿಬಿಡುತ್ತೇನೆ, ನಿಮಗೆ ಸಂತೋಷವಾದೀತು. ಮಾಸ್ಕೋದಲ್ಲಿ ಊಟದ ವಿರಾಮವಾದಾಗ ನಮ್ಮಲ್ಲಿ ಹೊತ್ತು ಇಳಿದಿರುತ್ತದೆ, ಶಾಲೆ ಬಿಟ್ಟಿರುತ್ತದೆ. ಒಂಬತ್ತನೇ ತರಗತಿ ಮನೆಗೆ ಹೋಗುವುದಿಲ್ಲ. ನನ್ನ ಫೋನನ್ನು ಸೀಮೆಸುಣ್ಣದ ಡಬ್ಬಕ್ಕೆ ಆನಿಸಿ ಇಡುತ್ತೇವೆ. ಜೂರಾ ಪೆಟ್ಟಿಗೆಗಳ ರಾಶಿಯ ಸಂದಿಯಲ್ಲಿ ಕೂತು, ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಪೆಟ್ಟಿಗೆಯ ಮೈಮೇಲೆ ಪೆನ್ನಿನಿಂದ ತ್ರಿಕೋನ ಬರೆದು ತೋರಿಸುತ್ತಾಳೆ. ಹಿಂದಿನಿಂದ ಮೇಸ್ತ್ರಿ ಏನೋ ಕೂಗುತ್ತಾನೆ. “ಬೇಗ ಹೇಳಿ, ಯಾಕೆ?” ಎನ್ನುತ್ತಾಳೆ ಅವಳು. ಬೇಗಾಯಿಮ್ ಫೋನಿನ ಮುಂದೆ ಕೈಯೆತ್ತುತ್ತಾಳೆ. ಮೇಸ್ತ್ರಿ ಹತ್ತಿರ ಬಂದರೆ ಕರೆ ಕಡಿದುಹೋಗುತ್ತದೆ. ಮಕ್ಕಳು ತಮ್ಮಷ್ಟಕ್ಕೆ ಜಗಳಾಡಿ ಉತ್ತರ ಹುಡುಕುತ್ತಾರೆ.

ಅಂದರೆ ನಿಮ್ಮ ಪುಸ್ತಕ ಕೊನೆಗೂ ನಿಜವಾಯಿತು. ಸಾರಿ-ತೆಕ್ತಿರ್ ಶಾಲೆಯಲ್ಲಿ ಗಣಿತ ಈಗ ದೂರದಿಂದಲೇ ಬರುತ್ತದೆ.

ಮುಂದಿನ ತಿಂಗಳ ಸಮಾಲೋಚನೆಗೆ ಬಂದು ‘ಭವಿಷ್ಯದ ಶಾಲೆ: ನಮ್ಮ ಅನುಭವ’ ಎಂದು ಮಾತಾಡಬೇಕೆಂಬ ಆಹ್ವಾನವೂ, ಕಳ್ಳತನದ ನೋಟಿಸೂ ಒಂದೇ ಅಂಚೆಯಲ್ಲಿ ಬಂದಿವೆ. ಬರುತ್ತೇನೆ. ಬಂದು ಈ ಪತ್ರವನ್ನೇ ಓದುತ್ತೇನೆ. ಅಷ್ಟರೊಳಗೆ ನೀವು ಮಾಡಬೇಕಾದ್ದು ಹೆಚ್ಚೇನಿಲ್ಲ: ಆ ಮಾತು ನನ್ನದಲ್ಲವೆಂದು ನಿಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿ, ಹುದ್ದೆಯನ್ನು ಇದ್ದಲ್ಲಿ ಇಟ್ಟುಬಿಡಿ. ಟೀಚರನ್ನು ಕರೆತರುವ ಕೆಲಸ ನನಗೆ ಬಿಡಿ, ಫೋನ್ ನಂಬರು ನನ್ನ ಬಳಿ ಇದೆ. ಬೇಗಾಯಿಮಳ ತರಗತಿ ಬೇಸಿಗೆಗೆ ಮುಗಿದುಹೋಗುತ್ತದೆ. ಅದಕ್ಕೆ ಮುಂಚೆ ಆ ಹುಡುಗಿಗೆ, ಅವಳ ಪ್ರಶ್ನೆಯ ನಡುವೆ ಕಡಿದುಹೋಗದ ಒಬ್ಬ ಟೀಚರನ್ನು ಕೊಡಿ.

ಇಂತಿ,
ಈ ಪತ್ರ ನಿಮ್ಮ ಕೈ ಸೇರುವವರೆಗಾದರೂ ಕೆಲಸದಲ್ಲಿರುವ,
ಉಲ್ಕಾನ್ ಶೇರಾಲಿಯೆವಾ
ಮುಖ್ಯೋಪಾಧ್ಯಾಯಿನಿ, ಸಾರಿ-ತೆಕ್ತಿರ್ ಶಾಲೆ